ಕೇಳಿದ್ದನ್ನು ಬರೆದುಕೊಳ್ಳುವ ಬಗೆ

ಓದುವುದು, ಬರೆಯುವುದು, ಲೆಕ್ಕ ಮಾಡುವುದು, ಈ ಮೂರನ್ನೂ ಕಲಿಸುವುದಕ್ಕೆ ಪಾಠಶಾಲೆಗಳುಂಟು. ಕೇಳುವುದನ್ನು ಮಾತ್ರ ಕಲಿಸಬೇಕಾದ ವಿದ್ಯೆಯೆಂದು ಯಾರೂ ಎಣಿಸುವುದಿಲ್ಲ. ಕಿವಿಯುಳ್ಳವರೆಲ್ಲರೂ ಕೇಳಬಲ್ಲರೆಂಬುದು ಲೋಕದ ಭಾವನೆ. ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದ ನಾವೂ ಹಾಗೆಯೇ ನಂಬಿದ್ದೆವು. ಆ ನಂಬಿಕೆ ಎಷ್ಟು ದುರ್ಬಲವೆಂಬುದು ನಮಗೆ ಮನದಟ್ಟಾದುದು ಕಳೆದ ಬೇಸಗೆಯಲ್ಲಿ, ಜಯನಗರದ ನಮ್ಮ ಮನೆಯ ಜಗಲಿಯ ಮೇಲೆ.

ನೆರೆಮನೆಯ ಹುಡುಗನೊಬ್ಬನು ಪರದೇಶದಲ್ಲಿ ವ್ಯಾಸಂಗ ಮಾಡಬೇಕೆಂಬ ಅಪೇಕ್ಷೆಯಿಂದ ಒಂದು ಪರೀಕ್ಷೆಗೆ ಸಿದ್ಧನಾಗುತ್ತಿದ್ದನು. ಅದರಲ್ಲಿ ಉಪನ್ಯಾಸವೊಂದನ್ನು ಒಂದೇ ಸಲ ಕೇಳಿಸುತ್ತಾರೆ. ಕೇಳುತ್ತಲೇ ಟಿಪ್ಪಣಿ ಮಾಡಿಕೊಂಡು ಪ್ರಶ್ನೆಗಳಿಗೆ ಉತ್ತರ ಕೊಡತಕ್ಕದ್ದು. “ಮೇಷ್ಟ್ರೇ, ಇದನ್ನು ಸ್ವಲ್ಪ ಓದುತ್ತೀರಾ? ನಾನು ಬರೆದುಕೊಳ್ಳುತ್ತೇನೆ” ಎಂದು ಭೂಮಿಯ ತಾಪ ಏರುತ್ತಿರುವ ವಿಷಯದ ಪಾಠವೊಂದನ್ನು ನಮ್ಮ ಕೈಗಿತ್ತನು. ಮೊದಲ ಸಲ ಆತನು ಉಕ್ತಲೇಖನದಂತೆ ಪ್ರತಿಯೊಂದು ಪದವನ್ನೂ ಬರೆಯಹೊರಟು, ನಾಲ್ಕನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಹಿಂದುಳಿದನು. ಎರಡನೆಯ ಸಲ ಜಾಣತನ ಮಾಡಿ ಅಂಕಿಗಳನ್ನು ಮಾತ್ರ ಬರೆದನು: 280, 420, 1.5, 2. ಅಂಕಿಗಳೆಲ್ಲ ಸರಿಯೇ. ಆದರೆ “ಈ ಒಂದೂವರೆ ಯಾತರದಪ್ಪ?” ಎಂದು ನಾವು ಗದರಿಸಿ ಕೇಳಲು ಆತನು ಬಾಯಿ ತೆರೆಯಲಿಲ್ಲ.

ಒಳಗಿನಿಂದ ನಮ್ಮ ಮನೆಯವರು, “ಹುಡುಗನನ್ನೇಕೆ ಗದರಿಸುತ್ತೀರಿ? ನೀವು ಬರೆದುಕೊಂಡ ಮಾತ್ರೆಯ ಚೀಟಿ ಮರೆತುಹೋಯಿತೇ?” ಎಂದರು.

ಮರೆಯುವಂತಹುದಲ್ಲ. ಅದರ ಹಿಂದಿನ ತಿಂಗಳು ಅವರ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ಬದಲಿಸಬೇಕೆಂದು ವೈದ್ಯರು ದೂರವಾಣಿಯಲ್ಲಿ ತಿಳಿಸಿದ್ದರು. ನಾವು ಹಾಲಿನ ಲೆಕ್ಕದ ಚೀಟಿಯ ಹಿಂದೆ “ಅರ್ಧ, ಒಂದು” ಎಂದು ಗುರುತು ಮಾಡಿಕೊಂಡೆವು. ಬೆಳಿಗ್ಗೆ ಅರ್ಧವೋ ರಾತ್ರಿ ಅರ್ಧವೋ ಎಂಬುದನ್ನು ಬರೆಯಲಿಲ್ಲ; ನೆನಪಿರುತ್ತದೆಂದು ತಿಳಿದೆವು. ಮೂರು ದಿನ ತಿರುವುಮುರುವಾಗಿ ಕೊಟ್ಟೆವು. ನಾಲ್ಕನೆಯ ದಿನ ಬೆಳಿಗ್ಗೆ ಆಕೆ ತಲೆಸುತ್ತಿ ಅಡಿಗೆಮನೆಯ ಹೊಸ್ತಿಲಲ್ಲಿ ಕುಸಿದು ಕುಳಿತರು. ದೇವರ ದಯೆಯಿಂದ ಹೆಚ್ಚಿನ ಅಪಾಯವಾಗಲಿಲ್ಲ. ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ತಪ್ಪು ಸಂಪೂರ್ಣವಾಗಿ ನಮ್ಮದು. ಹುಡುಗನ ಟಿಪ್ಪಣಿಯಲ್ಲಿ ಯಾವ ದೋಷವಿದ್ದಿತೋ ನಮ್ಮದರಲ್ಲಿಯೂ ಅದೇ ಇದ್ದಿತು: ಅಂಕಿ ಉಳಿದಿತ್ತು, ಅದರ ಸಂಬಂಧ ಹೋಗಿತ್ತು.

ನಮ್ಮ ಪೂರ್ವಿಕರು ಈ ಅಪಾಯವನ್ನು ಬಲ್ಲವರಾಗಿದ್ದರು. ವೇದಕ್ಕೆ ಶ್ರುತಿಯೆಂಬ ಹೆಸರು ಬಂದುದೇ ಕೇಳಿ ಕಲಿತುದರಿಂದ. ಅಲ್ಲಿ ಕ್ರಮಪಾಠವೆಂಬುದೊಂದುಂಟು, ಪ್ರತಿಯೊಂದು ಪದವನ್ನೂ ಅದರ ಮುಂದಿನ ಪದದೊಡನೆ ಜೋಡಿಸಿ ಹೇಳುತ್ತಾರೆ. ಯಾವ ಪದವೂ ಒಂಟಿಯಾಗಿ ನಿಂತು ತಪ್ಪಿಸಿಕೊಳ್ಳಲಾರದು. ಟಿಪ್ಪಣಿಯ ರಹಸ್ಯವೂ ಇದೇ.

ಆದಕಾರಣ ನಾವು ಆ ಹುಡುಗನಿಗೂ ನಮಗೂ ಮೂರು ನಿಯಮಗಳನ್ನು ಮಾಡಿಕೊಂಡೆವು. ಮೊದಲನೆಯದಾಗಿ, ಅಭ್ಯಾಸ ಮಾಡುವಾಗ ಲೇಖನಿಯನ್ನು ಕೆಳಗಿಟ್ಟು ಪೂರ್ತಿಯಾಗಿ ಕೇಳಿ, ವಿಷಯವನ್ನು ಒಂದು ವಾಕ್ಯದಲ್ಲಿ ಹೇಳುವುದು. ಎರಡನೆಯದಾಗಿ, ಮತ್ತೊಮ್ಮೆ ಕೇಳುತ್ತ ಬರೆಯುವುದು. ಪ್ರತಿಯೊಂದು ಅಂಕಿಯ ಪಕ್ಕದಲ್ಲಿಯೂ ಅದು ಯಾವುದರದು, ಯಾವಾಗಿನದು, ಯಾವುದಕ್ಕೆ ಹೋಲಿಸಿದ್ದು ಎಂಬುದನ್ನು ಗುರುತಿಸುವುದು. “ಆದರೆ”, “ಆದಕಾರಣ”, “ಸುಮಾರು” ಎಂಬ ಸಣ್ಣ ಮಾತುಗಳನ್ನು ಬಿಡದಿರುವುದು. ಮೂರನೆಯದಾಗಿ, ಬರೆದುದನ್ನು ಹೇಳಿದವರಿಗೇ ಓದಿ ತೋರಿಸಿ ತಿದ್ದಿಸಿಕೊಳ್ಳುವುದು. ಇದು ರೂಢಿಯಾದ ಮೇಲೆ ಒಂದೇ ಸಲ ಕೇಳಿ ಬರೆಯುವುದೂ ಕಷ್ಟವಾಗದು.

ವಾಚಕರು ರಾತ್ರಿಯ ಊಟವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷಿಸಬಹುದೆಂದು ಒಂದು ಪಾಠವನ್ನು ಇಲ್ಲಿ ಕೊಡುತ್ತೇವೆ. ಒಬ್ಬರು ಸಹಜವಾದ ವೇಗದಲ್ಲಿ ಓದಲಿ.

“ಸೂರ್ಯನಿಂದ ಕಾದ ಭೂಮಿಯು ತನ್ನ ಶಾಖವನ್ನು ಆಕಾಶಕ್ಕೆ ಹೊರಸೂಸುತ್ತದೆ. ಗಾಳಿಯಲ್ಲಿರುವ ನೀರಾವಿ, ಇಂಗಾಲದ ಡೈಆಕ್ಸೈಡ್ ಮೊದಲಾದವು ಆ ಶಾಖದ ಒಂದು ಭಾಗವನ್ನು ಕಂಬಳಿಯಂತೆ ತಡೆಯುತ್ತವೆ. ಈ ಕಂಬಳಿ ಇಲ್ಲದಿದ್ದರೆ ಭೂಮಿ ಹಿಮದಂತೆ ತಣ್ಣಗಿರುತ್ತಿತ್ತು. ಆದರೆ ಅದು ದಪ್ಪವಾದರೆ ತಾಪವೇರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಹೀಗಾಗುವುದೆಂದು ಸ್ವೀಡನ್ ದೇಶದ ಅರೀನಿಯಸ್ ಎಂಬ ವಿದ್ವಾಂಸರು 1896ರಲ್ಲಿಯೇ ಗಣಿತ ಮಾಡಿ ತೋರಿಸಿದ್ದರು. ಯಂತ್ರಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದವು ಸುಮಾರು 280 ಇದ್ದವು. ಹವಾಯಿ ದ್ವೀಪದಲ್ಲಿ 1958ರಲ್ಲಿ ಅಳೆಯತೊಡಗಿದಾಗ ಸುಮಾರು 315. ಈಗ 420ನ್ನು ಮೀರಿದೆ. 1850ರಿಂದ 1900ರವರೆಗಿನ ಸರಾಸರಿಗಿಂತ 2024ರಲ್ಲಿ ಲೋಕದ ತಾಪ ಸುಮಾರು ಒಂದೂವರೆ ಡಿಗ್ರಿ ಹೆಚ್ಚಿತ್ತು. 2015ರ ಪ್ಯಾರಿಸ್ ಒಪ್ಪಂದವು ಏರಿಕೆಯನ್ನು ಎರಡು ಡಿಗ್ರಿಗಿಂತ ಸಾಕಷ್ಟು ಕೆಳಗಿಡಬೇಕೆಂದೂ ಒಂದೂವರೆಗೆ ನಿಲ್ಲಿಸಲು ಪ್ರಯತ್ನಿಸಬೇಕೆಂದೂ ಹೇಳುತ್ತದೆ. ಆದರೆ ಅದು ಅನೇಕ ವರ್ಷಗಳ ಸರಾಸರಿಯ ಮಾತು, ಒಂದು ವರ್ಷದ್ದಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ತಾಪ ಒಂದು ದಿನ 39.2 ಡಿಗ್ರಿ ಮುಟ್ಟಿತು. ಒಂದು ದಿನದ ಸೆಕೆ ಹವೆ. ಅನೇಕ ವರ್ಷಗಳ ನಡೆ ಹವಾಗುಣ. ಮರ ಕಡಿದು, ಕೆರೆ ಮುಚ್ಚಿ, ಸಿಮೆಂಟು ಹಾಸಿದ ನಗರವು ತನ್ನ ಸೆಕೆಯನ್ನು ತಾನೂ ಹೆಚ್ಚಿಸಿಕೊಳ್ಳುತ್ತದೆ. ಅದು ಬೇರೆ ಕಾರಣ.”

ಈ ಪಾಠಕ್ಕೆ ಹುಡುಗನು ಕಡೆಗೆ ಮಾಡಿದ ಟಿಪ್ಪಣಿ ಇಷ್ಟೇ: “ಕಂಬಳಿ ಬೇಕು, ಆದರೆ ದಪ್ಪವಾಗಬಾರದು. ಅನಿಲ, ಹತ್ತು ಲಕ್ಷಕ್ಕೆ: ಯಂತ್ರಕ್ಕೆ ಮೊದಲು ಸು. 280, 1958ರಲ್ಲಿ ಸು. 315, ಈಗ 420ರ ಮೇಲೆ. 2024: ಲೋಕದ ತಾಪ 1850–1900ಕ್ಕಿಂತ ಸು. 1.5 ಹೆಚ್ಚು. ಪ್ಯಾರಿಸ್ 2015: 2ಕ್ಕಿಂತ ಸಾಕಷ್ಟು ಕೆಳಗೆ, 1.5ಕ್ಕೆ ಯತ್ನ, ಅನೇಕ ವರ್ಷದ ಸರಾಸರಿ. ಬೆಂಗಳೂರು 39.2: ಒಂದು ದಿನ, ಏ. 2016. ನಗರದ ಸೆಕೆಗೆ ನಗರವೂ ಕಾರಣ.” ಇಲ್ಲಿ ಒಂದಂಕಿಯೂ ಅನಾಥವಾಗಿಲ್ಲ. ಇದನ್ನು ನೋಡಿಕೊಂಡು ಪಾಠವನ್ನೆಲ್ಲ ಪುನಃ ಹೇಳಬಹುದು. ಮೇಲಾಗಿ “ಒಂದು ದಿನ” ಎಂಬ ಮಾತನ್ನು ಬಿಟ್ಟವನು, ಮರುವರ್ಷ ನಾಲ್ಕು ದಿನ ತಂಪಾದರೆ, ತಾಪವೇರುವ ಮಾತೆಲ್ಲ ಸುಳ್ಳೆಂದು ವಾದಿಸುತ್ತಾನೆ. ಅರೆಕಿವಿಯಿಂದ ಕೇಳಿದ ಸತ್ಯವು ಸುಳ್ಳಿನಷ್ಟೇ ಕೇಡು ಮಾಡೀತು.

ಕಳೆದ ವಾರ ವೈದ್ಯರು ಮತ್ತೆ ಪ್ರಮಾಣವನ್ನು ಬದಲಿಸಿದರು. ನಾವು ಹೊತ್ತು, ಪ್ರಮಾಣ, ಎಷ್ಟು ದಿನವೆಂಬುದನ್ನೆಲ್ಲ ಬರೆದುಕೊಂಡು ದೂರವಾಣಿಯಲ್ಲಿಯೇ ಓದಿ ಹೇಳಿದೆವು. “ಎಲ್ಲ ಸರಿ, ಆದರೆ ಊಟಕ್ಕೆ ಮುಂಚೆ ಅಲ್ಲ, ಊಟವಾದ ಮೇಲೆ” ಎಂದು ಅವರು ತಿದ್ದಿದರು. ಅರುವತ್ತರ ವಯಸ್ಸಿನಲ್ಲಿಯೂ ನಮ್ಮ ಕಿವಿ ವಿದ್ಯಾರ್ಥಿಯೇ. ಆ ಚೀಟಿಯನ್ನು ನಮ್ಮ ಮನೆಯವರು ಈ ಸಲ ತಾವೇ ಓದಿ ನೋಡಿ ಮಾತ್ರೆಯ ಡಬ್ಬಿಗೆ ಅಂಟಿಸಿದ್ದಾರೆ.