ಹತ್ತು ರೂಪಾಯಿ ಬಾಟಲಿ, ಐದು ಚಮಚ ಸಕ್ಕರೆ

ಮಕ್ಕಳಿಗೆ ಸೋಡಾ ಕುಡಿಸಬಹುದೇ ಅಂತ ಮಂಡ್ಯದಲ್ಲಿ ಕೇಳಿದರೆ ಜನ ಮೊದಲು ನಗುತ್ತಾರೆ. 1933ರಲ್ಲಿ ಮೈಷುಗರ್ ಕಾರ್ಖಾನೆ ಶುರುವಾದ ಊರು ಇದು. ಕಬ್ಬು ನಮ್ಮ ಗದ್ದೆಯಲ್ಲಿ, ಬೆಲ್ಲ ನಮ್ಮ ಆಲೆಮನೆಯಲ್ಲಿ. ಸಕ್ಕರೆ ನಾಡಿನಲ್ಲಿ ಹುಟ್ಟಿ ಸಕ್ಕರೆ ಬೇಡ ಅನ್ನೋದು ಉಂಡ ಮನೆಗೆ ಎರಡು ಬಗೆದ ಹಾಗೆ ಅಂತ ಯಾರಾದರೂ ಅಂದರೆ ಈ ವರದಿಗಾರ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕು.

ಆದರೂ ಕೇಳಲೇಬೇಕಾಗಿದೆ ಸ್ವಾಮಿ. ಸಂಜೆ ಶಾಲೆ ಬಿಡುವ ಹೊತ್ತಿಗೆ ಯಾವುದಾದರೂ ಅಂಗಡಿ ಮುಂದೆ ಐದು ನಿಮಿಷ ನಿಂತು ನೋಡಿ. ಮೂರನೇ ಕ್ಲಾಸಿನ ಹುಡುಗ ಹತ್ತು ರೂಪಾಯಿ ನೋಟು ಚಾಚುತ್ತಾನೆ. "ಅಂಕಲ್, ಒಂದು ಜ್ಯೂಸು". ಜ್ಯೂಸು ಅಂದರೆ ಹಣ್ಣಿನ ರಸ ಅಲ್ಲ. ಬಣ್ಣ ಇದ್ದು, ಗ್ಯಾಸ್ ಇದ್ದು, ತಣ್ಣಗಿದ್ದರೆ ನಮ್ಮಲ್ಲಿ ಎಲ್ಲವೂ ಜ್ಯೂಸೇ. ಬಸ್ಸಿನಲ್ಲೂ ಅದೇ. ಮಗು ರಚ್ಚೆ ಹಿಡಿಯಿತು ಅಂದರೆ ಅಪ್ಪ ಕಿಟಕಿಯಿಂದ ಕೈ ಹಾಕಿ ಒಂದು ಬಾಟಲಿ ತೆಗೆದುಕೊಂಡು ಕೂಸಿನ ಕೈಗೆ ಕೊಡುತ್ತಾನೆ. ಮದ್ದೂರಿನಲ್ಲಿ ಹತ್ತಿದ ಮಗು ಮಂಡ್ಯದಲ್ಲಿ ಇಳಿಯುವವರೆಗೂ ಅದನ್ನು ಚೀಪುತ್ತಾ ಕೂತಿರುತ್ತದೆ. ಗಲಾಟೆ ಇಲ್ಲ, ಕಂಡಕ್ಟರಿಗೂ ನೆಮ್ಮದಿ.

ಇದರಲ್ಲಿ ತಪ್ಪೇನು ಅಂತ ಒಬ್ಬ ಅಜ್ಜಿ ನನ್ನನ್ನೇ ಕೇಳಿದರು. "ನಾವು ಜಾತ್ರೇಲಿ ಗೋಲಿ ಸೋಡಾ ಕುಡ್ದು ಬದುಕ್ಲಿಲ್ವಾ ಮಗ? ಈಗಿನ್ ಮಕ್ಳಿಗೆ ಮಾತ್ರ ಏನ್ ಬಂತು ಕೇಡು?"

ಅಜ್ಜಿಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗೋದು ಸರಿಯಲ್ಲ.

ಗೋಲಿ ಸೋಡಾ ಬಾಟಲಿಯನ್ನು ಹೈರಮ್ ಕಾಡ್ ಅನ್ನೋ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಮಾಡಿಸಿದ. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ, ಅಷ್ಟೇ ಯಂತ್ರ. ಸಾದಾ ಗೋಲಿ ಸೋಡಾದ ಒಳಗಿರೋದು ನೀರು ಮತ್ತು ಗ್ಯಾಸು. ಸಕ್ಕರೆ ಒಂದು ಹರಳೂ ಇಲ್ಲ. ಅಜ್ಜಿ ಕುಡಿದದ್ದು ಅದು, ಇಲ್ಲವೇ ಅದಕ್ಕೆ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿದ್ದು. ಅದೂ ವರ್ಷಕ್ಕೆ ಒಂದೆರಡು ಸಲ, ವೈರಮುಡಿಗೆ ಮೇಲುಕೋಟೆ ಹತ್ತಿದಾಗಲೋ ನೆಂಟರ ಮದುವೆಗೆ ಹೋದಾಗಲೋ. ನೀರು ಚೊಕ್ಕವಾಗಿದ್ದರೆ ಆ ಸೋಡಾದಿಂದ ಮಗುವಿಗೆ ಆಗುವ ದೊಡ್ಡ ತೊಂದರೆ ಅಂದರೆ ಒಂದು ತೇಗು.

ಈ ವ್ಯತ್ಯಾಸ ಸರ್ಕಾರಕ್ಕೂ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲಿ ಸಕ್ಕರೆ, ಸುವಾಸನೆ ಏನೂ ಹಾಕದ ಸೋಡಾ ನೀರಿಗೆ ಶೇಕಡಾ 5. ಸಿಹಿ ಹಾಕಿದ ಗ್ಯಾಸ್ ಪಾನೀಯಕ್ಕೆ ಶೇಕಡಾ 40. ಬಿಲ್ಲು ಹಾಕುವ ಅಂಗಡಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಫ್ರಿಜ್ಜಿನಲ್ಲಿ ಅಕ್ಕಪಕ್ಕ ನಿಂತ ಎರಡು ಬಾಟಲಿಗೆ ಇಷ್ಟು ಅಂತರದ ತೆರಿಗೆ. ಮನೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ಈಗ ಲೆಕ್ಕಕ್ಕೆ ಬರೋಣ. ಸಾಮಾನ್ಯವಾದ ಒಂದು ಕೋಲಾದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. ಕೆಲವದರಲ್ಲಿ ಸ್ವಲ್ಪ ಹೆಚ್ಚು, ಕೆಲವದರಲ್ಲಿ ಕಮ್ಮಿ. ಬಾಟಲಿಯ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿರುತ್ತೆ, ಕನ್ನಡಕ ಹಾಕಿಕೊಂಡು ಓದಿ. 200 ಮಿಲಿಯ ಬಾಟಲಿಗೆ 20 ಗ್ರಾಂ ಆಯಿತು. ಟೀ ಚಮಚದಲ್ಲಿ ಅಳೆದರೆ ಐದು ಚಮಚ. ಮನೆಯಲ್ಲಿ ಅದೇ ಹುಡುಗನ ಹಾಲಿಗೆ ಐದು ಚಮಚ ಸಕ್ಕರೆ ಸುರಿಯಿರಿ ನೋಡೋಣ, ಅವನ ತಾಯಿ ನಿಮ್ಮ ಕೈ ಹಿಡಿಯುತ್ತಾಳೋ ಇಲ್ಲವೋ! ತಣ್ಣಗಿದ್ದು ಹುಳಿ ಬೆರೆತಿರೋದರಿಂದ ನಾಲಿಗೆಗೆ ಆ ಸಿಹಿ ಅಷ್ಟೆಂದು ಗೊತ್ತಾಗೋದಿಲ್ಲ. ಬೇಕಾದರೆ ಅದೇ ಬಾಟಲಿಯನ್ನು ಬಿಸಿಲಲ್ಲಿಟ್ಟು, ಗ್ಯಾಸು ಹೋದ ಮೇಲೆ ಒಂದು ಗುಟುಕು ಕುಡಿಯಿರಿ. ಪಾಕ.

ವರ್ಷಕ್ಕೆ 200 ಶಾಲಾ ದಿನ ಅಂತ ಹಿಡಿಯಿರಿ. ದಿನಕ್ಕೊಂದು ಸಣ್ಣ ಬಾಟಲಿ ಅಂದರೆ ನಾಲ್ಕು ಕೆಜಿ ಸಕ್ಕರೆ, ಎರಡು ಸಾವಿರ ರೂಪಾಯಿ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೇ ಈ ಗುಣಾಕಾರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಂಥ ಸೇರಿಸಿದ ಸಕ್ಕರೆ ದೊಡ್ಡವರಿಗೇ ದಿನಕ್ಕೆ 25 ಗ್ರಾಂ ಆಸುಪಾಸಿನ ಒಳಗಿದ್ದರೆ ಒಳ್ಳೇದು ಅಂತ. ದೇಹ ಚಿಕ್ಕದಾದ ಮಗುವಿಗೆ ಇನ್ನೂ ಕಮ್ಮಿ. ಬಿಸ್ಕತ್ತು, ಚಾಕಲೇಟು, ಬೆಳಗಿನ ಟೀ ಎಲ್ಲ ಲೆಕ್ಕಕ್ಕೆ ಬರುವ ಮುಂಚೆಯೇ ಹುಡುಗನ ಕೋಟಾ ಅಂಗಡಿ ಮುಂದೆಯೇ ಮುಗಿದುಹೋಯಿತು.

ಇನ್ನು ಹಲ್ಲು. ಬಾಯಲ್ಲಿರುವ ಕ್ರಿಮಿಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಪಾನೀಯದಲ್ಲೂ ಮೊದಲೇ ಆಮ್ಲ ಇದೆ. ಎರಡೂ ಸೇರಿ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡುತ್ತವೆ. ಒಂದೇ ಏಟಿಗೆ ಕುಡಿದು ಮುಗಿಸಿದರೆ ಎಂಜಲು ಸ್ವಲ್ಪ ಹೊತ್ತಿನಲ್ಲಿ ಸರಿಮಾಡಿಕೊಳ್ಳುತ್ತದೆ. ಮದ್ದೂರಿನಿಂದ ಮಂಡ್ಯದವರೆಗೆ ಗುಟುಕು ಗುಟುಕಾಗಿ ಚೀಪಿದರೆ ಆ ಹಲ್ಲಿಗೆ ಬಿಡುವೇ ಸಿಗೋದಿಲ್ಲ. ಆದ್ದರಿಂದ ಬಸ್ಸಿನ ಬಾಟಲಿಯೇ ಹೆಚ್ಚು ಕೆಟ್ಟದ್ದು. ಕುಡಿದ ಮೇಲೆ ಬಾಯಿ ಮುಕ್ಕಳಿಸಿದರೂ ಅಷ್ಟರಮಟ್ಟಿಗೆ ಉಪಕಾರ.

ಹಿಂದೆ ಹೀಗಿರಲಿಲ್ಲ. ಕೋಕಾ ಕೋಲಾ 1977ರಲ್ಲಿ ದೇಶ ಬಿಟ್ಟು ಹೋಯಿತು. ಆಗ ಜನತಾ ಸರ್ಕಾರದ ಕೈಗಾರಿಕಾ ಮಂತ್ರಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಆಮೇಲೆ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಕಾಲ. 1993ರಲ್ಲಿ ಕೋಕ್ ವಾಪಸ್ಸು ಬಂದು ಈ ಮೂರನ್ನೂ ಕೊಂಡುಕೊಂಡಿತು. ಕಂಪನಿ ಯಾವುದೇ ಇರಲಿ, ಆ ಕಾಲದ ಬಾಟಲಿ ಗಾಜಿನದು. ಅಂಗಡಿ ಮುಂದೆಯೇ ನಿಂತು ಕುಡಿದು ಖಾಲಿ ಬಾಟಲಿ ವಾಪಸ್ಸು ಕೊಡಬೇಕು, ಇಲ್ಲದಿದ್ದರೆ ಡಿಪಾಜಿಟ್ಟು. ಹಾಗಾಗಿ ಕೂಸು ಒಂದು ಕುಡಿದರೆ ಅಲ್ಲಿಗೆ ಮುಗೀತು. ಈಗ ಪ್ಲಾಸ್ಟಿಕ್ ಬಾಟಲಿ ಶಾಲೆ ಬ್ಯಾಗಿಗೂ ಹೋಗುತ್ತೆ, ಬಸ್ಸಿಗೂ ಹೋಗುತ್ತೆ, ಎರಡು ಲೀಟರಿನದು ಮನೆ ಫ್ರಿಜ್ಜಿನ ಬಾಗಿಲಲ್ಲೇ ಬೀಡು ಬಿಡುತ್ತೆ. ಬೆಲೆಯೂ ಇಳಿಯಿತು. 2023ರಲ್ಲಿ ರಿಲಯನ್ಸಿನವರು ಹಳೇ ಕ್ಯಾಂಪಾ ಹೆಸರನ್ನು ಮತ್ತೆ ಎಬ್ಬಿಸಿ 200 ಮಿಲಿಗೆ ಹತ್ತು ರೂಪಾಯಿ ಅಂದರು. ಹತ್ತು ರೂಪಾಯಿ ಅಂದರೆ ಮಗುವಿನ ಕೈಗೆ ಸಿಗುವ ನೋಟು ಅನ್ನೋದು ನೆನಪಿರಲಿ.

ಇಷ್ಟೆಲ್ಲ ಬರೆದರೂ ಕೋಲಾ ಕುಡಿದ ಮಕ್ಕಳೆಲ್ಲ ಕಾಯಿಲೆ ಬೀಳುತ್ತಾರೆ ಅಂತ ಹೆದರಿಸುವ ಜಾತಿ ನನ್ನದಲ್ಲ. 2016ರಿಂದ 18ರವರೆಗೆ ಕೇಂದ್ರ ಸರ್ಕಾರ ಮಾಡಿಸಿದ ಪೌಷ್ಟಿಕತೆಯ ಸಮೀಕ್ಷೆಯಲ್ಲಿ ಹದಿಹರೆಯದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರ ರಕ್ತದಲ್ಲಿ ಸಕ್ಕರೆ ಕಾಯಿಲೆಯ ಮುನ್ಸೂಚನೆ ಕಂಡಿತು. ಅದಕ್ಕೆ ಬಾಟಲಿ ಒಂದೇ ಕಾರಣ ಅಂತ ಹೇಳಲಾಗದು. ಆಟದ ಬಯಲಿಲ್ಲ, ಕೈಯಲ್ಲಿ ಮೊಬೈಲು, ಬೇಕರಿ ತಿಂಡಿ, ಎಲ್ಲವೂ ಇದೆ. ಮದುವೆ ಮನೆಯಲ್ಲಿ ಎಲ್ಲ ಮಕ್ಕಳೂ ಕುಡಿಯುವಾಗ ನಿಮ್ಮ ಮಗುವಿನ ಕೈಯಿಂದ ಮಾತ್ರ ಕಿತ್ತುಕೊಂಡು ಅಳಿಸಬೇಡಿ. ಹಬ್ಬಕ್ಕೊಂದು ಜಾತ್ರೆಗೊಂದು ಲೋಟ ಆಗಲಿ, ಕುಡಿಯಲಿ ಬಿಡಿ. ದಿನಾ ಸಂಜೆಯ ಹತ್ತು ರೂಪಾಯಿ ಬಾಟಲಿಯನ್ನು ನಿಲ್ಲಿಸಿ ಅಂತಷ್ಟೇ ನನ್ನ ವಾದ.

ಆದರೆ ಒಂದು ಬಾಟಲಿಗೆ ಈ ರಿಯಾಯಿತಿ ಇಲ್ಲ. ಎನರ್ಜಿ ಡ್ರಿಂಕು ಅಂತ ಇಪ್ಪತ್ತು ರೂಪಾಯಿಗೆ ಸಿಗುವ ಬಣ್ಣಬಣ್ಣದ್ದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇದರಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೂ ಕೆಫೀನ್ ಇರಬಹುದು. 250 ಮಿಲಿ ಕುಡಿದರೆ 75 ಮಿಲಿಗ್ರಾಂ, ಅಂದರೆ ಒಂದು ಕಪ್ ಗಟ್ಟಿ ಕಾಫಿಗೆ ಹತ್ತಿರ ಹತ್ತಿರ. ಮಕ್ಕಳಿಗೂ ಗರ್ಭಿಣಿಯರಿಗೂ ಎದೆಹಾಲು ಕುಡಿಸುವ ತಾಯಂದಿರಿಗೂ ಇದು ಸಲ್ಲದು ಅಂತ ಬಾಟಲಿ ಮೇಲೆ ಕಂಪನಿಯವರೇ ಅಚ್ಚು ಹಾಕಬೇಕು, ಹಾಕಿಯೂ ಇದ್ದಾರೆ. ಮಕ್ಕಳ ವೈದ್ಯರ ಅಖಿಲ ಭಾರತ ಸಂಸ್ಥೆಯೂ 2019ರಲ್ಲಿ ಇದು ಮಕ್ಕಳಿಗೆ ಬೇಡ ಅಂದಿದೆ. ಹೀಗಿದ್ದೂ ಏಳನೇ ಕ್ಲಾಸಿನ ಹುಡುಗರು ಕಬಡ್ಡಿ ಆಡುವ ಮುಂಚೆ ಇದನ್ನು ಕುಡಿದು ತೋಳು ತಟ್ಟುತ್ತಾರೆ. ರಾತ್ರಿ ನಿದ್ದೆ ಬರೋಲ್ಲ, ಎದೆ ಡವಡವ ಅನ್ನುತ್ತೆ, ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಕೆ. ಅಪ್ಪ ಅಮ್ಮ ಮೊಬೈಲಿಗೆ ಬೈಯುತ್ತಾರೆ.

ಇಲ್ಲಿ ಅಂಗಡಿ ಮಾಲೀಕರಿಗೆ ಎರಡು ಮಾತು ಹೇಳಬೇಕು, ಬೇಸರ ಮಾಡಿಕೊಳ್ಳಬಾರದು. 2020ರ ನಿಯಮದ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ಪದಾರ್ಥಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಶಾಲಾ ಮಕ್ಕಳಿಗೆ ಮಾರುವಂತಿಲ್ಲ. ಬೀಡಿ ಸಿಗರೇಟಿನ ಬೋರ್ಡು ಎಲ್ಲರಿಗೂ ಗೊತ್ತು, ಈ 50 ಮೀಟರಿನ ವಿಷಯ ಎಷ್ಟು ಜನರಿಗೆ ಗೊತ್ತು? ಒಬ್ಬ ಅಂಗಡಿಯವರನ್ನು ಕೇಳಿದೆ. "ನಾನ್ ಮಾರ್ದೆ ಇದ್ರೆ ಪಕ್ಕದೋನ್ ಮಾರ್ತಾನೆ ಸಾ. ಫ್ರಿಜ್ಜೂ ಕಂಪ್ನಿಯೋರೇ ಕೊಟ್ಟವ್ರೆ. ಅದ್ರಲ್ಲಿ ಮಜ್ಜಿಗೆ ಇಟ್ರೆ ಬಂದು ಗಲಾಟೆ ಮಾಡ್ತಾರೆ" ಅಂದರು. ಸುಳ್ಳೇನಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ಹಳೇ ರಸ್ತೆಯ ಅಂಗಡಿಗಳಿಗೆ ಬಿದ್ದ ಹೊಡೆತ ನಾವೂ ಕಂಡಿದ್ದೇವೆ. ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. ಆದರೂ ಯೂನಿಫಾರಂ ಹಾಕಿಕೊಂಡ ಮಗು ಎನರ್ಜಿ ಡ್ರಿಂಕು ಕೇಳಿದರೆ "ನಿಮ್ಮಪ್ಪನ್ನ ಕರ್ಕೊಂಡ್ ಬಾ ಹೋಗಪ್ಪ" ಅನ್ನೋದರಿಂದ ಯಾವ ಅಂಗಡಿಯೂ ಮುಳುಗೋದಿಲ್ಲ. ನಿಮ್ಮ ಮಗುವಿಗೆ ಅದನ್ನು ಕೊಡ್ತೀರಾ ಅಂತ ನಾನು ಅದೇ ಅಂಗಡಿಯವರನ್ನು ಕೇಳಿದ್ದಕ್ಕೆ "ಥೂ, ಬುಡ್ತು ಅನ್ನಿ" ಅಂದರು.

ಇನ್ನೊಂದು ಕೆಟ್ಟ ರೂಢಿ. ಮಗುವಿಗೆ ವಾಂತಿ ಭೇದಿ ಶುರುವಾದರೆ "ಒಂದು ಸೋಡಾ ಕುಡಿಸು, ಹೊಟ್ಟೆ ಸರಿಹೋಗುತ್ತೆ" ಅನ್ನುವವರು ಬೀದಿಗೊಬ್ಬರು ಇದ್ದಾರೆ. ಸಿಹಿ ಪಾನೀಯ ಕೊಟ್ಟರೆ ಭೇದಿ ಹೆಚ್ಚಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, ಜೊತೆಗೆ ಇನ್ನೆರಡು ಲವಣ. ಕೋಲಾದಲ್ಲಿ ಲೀಟರಿಗೆ 100 ಗ್ರಾಂ ಸಕ್ಕರೆ, ಉಪ್ಪು ಹೆಸರಿಗೆ ಮಾತ್ರ. ಓಆರ್‌ಎಸ್ ಹೆಸರು ಹಾಕಿಕೊಂಡ ಸಿಹಿ ಹಣ್ಣಿನ ಪಾನೀಯಗಳೂ ಮೆಡಿಕಲ್ ಸ್ಟೋರಿನಲ್ಲೇ ಡಬ್ಬಿಯಲ್ಲಿ ಮಾರಾಟವಾಗುತ್ತಿದ್ದವು. ಒಬ್ಬ ಮಕ್ಕಳ ಡಾಕ್ಟರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಪ್ರಾಧಿಕಾರ ಆ ಹೆಸರು ಹಾಕಕೂಡದು ಅಂತ ಆದೇಶ ಮಾಡಿತು. ಹೀಗಾಗಿ ಭೇದಿಗೆ ಪುಡಿಯ ಪೊಟ್ಟಣವನ್ನೇ ಕೇಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು.

ಹಾಗಾದರೆ ಬಾಯಾರಿದ ಮಗುವಿಗೆ ಏನು ಕೊಡೋದು? ಎಳನೀರು ಅಂತ ಭಾಷಣ ಮಾಡೋದು ಸುಲಭ. ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ಹೊರ ಊರಿಗೆ ಹೋಗುತ್ತೆ. ಇಲ್ಲಿ ಒಂದಕ್ಕೆ ಕೊಡುವ ದುಡ್ಡಿಗೆ ನಾಲ್ಕೈದು ಸಣ್ಣ ಕೋಲಾ ಬರುತ್ತವೆ. ಕಬ್ಬಿನ ಹಾಲು ನಮ್ಮದೇ ಅಂತ ಬೀಗೋಣ, ಆದರೆ ಅದೂ ಸಕ್ಕರೆಯೇ, ಅಪರೂಪಕ್ಕೆ ಸಾಕು. ಮಜ್ಜಿಗೆ ಪ್ಯಾಕೆಟ್ಟು ಪರವಾಗಿಲ್ಲ. ಎಲ್ಲಕ್ಕಿಂತ ಅಗ್ಗ ನೀರು, ಮತ್ತು ನಾವು ಸೋತಿರೋದೂ ಅಲ್ಲಿಯೇ. ಜಿಲ್ಲೆಯ ಒಂದು ಬಸ್ ನಿಲ್ದಾಣದಲ್ಲಿ, ಯಾವುದು ಅಂತ ಬೇಡ, ಕುಡಿಯುವ ನೀರಿನ ನಲ್ಲಿ ತಿರುಗಿಸಿದೆ. ಗಾಳಿ ಬಂತು. ಪಕ್ಕದ ಅಂಗಡಿಯಲ್ಲಿ ಲೀಟರ್ ನೀರಿನ ಬಾಟಲಿಗೆ ಹತ್ತು ರೂಪಾಯಿಗಿಂತ ಹೆಚ್ಚು, ಕೋಲಾ ಹತ್ತೇ ರೂಪಾಯಿ. ಕೂಸು ಎತ್ತಿಕೊಂಡು ನಿಂತಿದ್ದ ಹೆಣ್ಣುಮಗಳು ಕೋಲಾ ತೆಗೆದುಕೊಂಡರು. "ಬಾಯಾರ್ಕೆ ಅಂತ ಅಳ್ತಾ ಅದೆ ಅಣ್ಣ, ಚಿಲ್ರೆ ಇಷ್ಟೇ ಇರದು" ಅಂದರು. ಆ ತಾಯಿಗೆ ಸಕ್ಕರೆ ಲೆಕ್ಕ ಒಪ್ಪಿಸುವ ಮೊದಲು ಆ ನಲ್ಲಿಯಲ್ಲಿ ನೀರು ಬರಿಸಬೇಕು.

ಅಪ್ಪಂದಿರು ಮನೆಯಿಂದ ಹೊರಡುವಾಗ ಒಂದು ಸ್ಟೀಲ್ ಬಾಟಲಿ ನೀರು ತುಂಬಿಸಿ ಮಗುವಿನ ಹೆಗಲಿಗೆ ಹಾಕಿದರೆ ಇವತ್ತಿನಿಂದಲೇ ಶುರುಮಾಡಬಹುದು. ನಿಲ್ದಾಣದ ನಲ್ಲಿ ಯಾವತ್ತು ಶುರುವಾಗುತ್ತೆ ಅಂತ ಸಂಬಂಧಪಟ್ಟವರು ಹೇಳಲಿ. ಈ ಅಂಕಣದಲ್ಲಿ ಅವರ ಉತ್ತರಕ್ಕೆ ಜಾಗ ಇದೆ.