ಹೊಲದ ದಾರಿ ಜಗಳ: ಕೇಳಿಕೊಂಡು ಓಡಾಡಿದವರಿಗೇ ಪೆಟ್ಟು

ಕಬ್ಬು ಕಟಾವು ಶುರುವಾದರೆ ತಹಶೀಲ್ದಾರ್ ಕಚೇರಿಯಲ್ಲಿ ದಾರಿ ಜಗಳದ ಅರ್ಜಿಗಳೂ ಶುರು. ಮುಂದಿನ ಹೊಲದವರು ಮುಳ್ಳುಬೇಲಿ ಹಾಕಿರ್ತಾರೆ, ಹಿಂದಿನವರ ಕಡಿದ ಕಬ್ಬು ಹೊಲದಲ್ಲೇ ಒಣಗ್ತಿರುತ್ತೆ. ಎರಡೂ ಕಡೆಯವರ ಕೈಯಲ್ಲಿ ಪಹಣಿ. ಆದರೆ ಮೊದಲು ನೋಡಬೇಕಾದ್ದು ಪಹಣಿಯಲ್ಲ, ಗ್ರಾಮ ನಕ್ಷೆ. ಅದರಲ್ಲಿ ಬಂಡಿದಾರಿ, ಕಾಲುದಾರಿ ಇದ್ದರೆ ತೆರವು ಮಾಡಿಸಿ ಎಂದು ತಹಶೀಲ್ದಾರರನ್ನೇ ಕೇಳಬಹುದು.

ತಲೆನೋವು ಇರೋದು ನಕ್ಷೆಯಲ್ಲಿಲ್ಲದ ದಾರಿಯದ್ದು. ಅದಕ್ಕೆ 1882ರ ಈಸ್‌ಮೆಂಟ್ ಕಾಯ್ದೆ ಇದೆ. ನೆಲ ಒಬ್ಬರದ್ದು, ಅದರ ಮೇಲೆ ಹಾದುಹೋಗುವ ಹಕ್ಕು ಇನ್ನೊಬ್ಬರದ್ದು ಎನ್ನುವುದೇ ಈಸ್‌ಮೆಂಟ್. 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ತಡೆಯಿಲ್ಲದೆ, ತಮ್ಮ ಹಕ್ಕು ಎಂದೇ ಓಡಾಡಿದ್ದರೆ ಆ ದಾರಿ ಸಿಗುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ.

ಸಿಕ್ಕಿಬೀಳೋದು ‘ಹಕ್ಕು ಎಂದೇ’ ಅನ್ನೋ ಮಾತಲ್ಲಿ. ನಮ್ಮ ಕಡೆ ಯಾರೂ ಹಕ್ಕು ಅಂತ ಓಡಾಡಲ್ಲ. “ಅಣ್ಣಾರ, ಈ ಸಲಾನೂ ನಿಮ್ಮ ಹೊಲದಾಗ ಹಾದು ಗಾಡಿ ಒಯ್ತೀನ್ರಿ” ಅಂತ ಪ್ರತಿ ಸುಗ್ಗಿಗೂ ಕೇಳ್ತಾರೆ, ಆ ಅಣ್ಣನೂ ಹೂಂ ಅಂತಾನೆ. ಕಾನೂನಿನ ಕಣ್ಣಲ್ಲಿ ಅದು ಬರೀ ಅನುಮತಿ. ಹೀಗೆ 40 ವರ್ಷ ಓಡಾಡಿದರೂ ಹಕ್ಕಾಗುವುದಿಲ್ಲ. ಈಸ್‌ಮೆಂಟ್ ಇದ್ದರೆ ಜಮೀನು ಕೊಂಡವರೂ ದಾರಿ ಬಿಡಬೇಕು. ಅನುಮತಿಗೆ ಅವರು ಬದ್ಧರಲ್ಲ. ಅದಕ್ಕೇ ಮುಂದಿನ ಹೊಲ ಪರ ಊರಿನವರಿಗೆ ಮಾರಾಟವಾದ ಮೇಲೆ ಬೇಲಿ ಏಳೋದು. ಮರ್ಯಾದಸ್ಥರಿಗೇ ಪೆಟ್ಟು ಕೊಡುವ ಕಾನೂನು ಇದು ಎಂದರೆ ತಪ್ಪಿಲ್ಲ. ಸಂಬಂಧ ಚೆನ್ನಾಗಿದ್ದಾಗಲೇ ದಾರಿಯನ್ನು ಬರೆಸಿಕೊಂಡು ನೋಂದಣಿ ಮಾಡಿಸುವುದು ಲೇಸು.

ಅಣ್ಣತಮ್ಮಂದಿರ ಪಾಲಿನ ಲೆಕ್ಕ ಬೇರೆ. ಪಾಲಾದ ಮೇಲೆ ಹಿಂದಿನ ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಪತ್ರದಲ್ಲಿ ಬರೆಯದಿದ್ದರೂ ಮುಂದಿನ ಪಾಲಿನಲ್ಲಿ ದಾರಿ ಬಿಡಬೇಕು, 20 ವರ್ಷ ಕಾಯಬೇಕಿಲ್ಲ. ಆದರೆ ಸುತ್ತು ದಾರಿಯಾದರೂ ಇದ್ದರೆ ಈ ವಾದ ನಿಲ್ಲುವುದು ಕಷ್ಟ. ಎಂದೂ ಒಂದೇ ಮನೆತನದ ಸ್ವತ್ತಾಗಿರದ ಪಕ್ಕದ ಜಮೀನಿನ ಮೇಲೂ ಇದು ನಡೆಯದು. ಇನ್ನೊಂದು, ಕಾಲುದಾರಿಯ ಹಕ್ಕು ಪಡೆದವರು ಅದರಲ್ಲೇ ಟ್ರ್ಯಾಕ್ಟರ್ ನುಗ್ಗಿಸುವಂತಿಲ್ಲ.

ಬೇಲಿ ಬಿದ್ದ ಮೇಲೆ ‘ಹಿರಿಯರು ಕೂತು ಬಗೆಹರಿಸ್ತಾರೆ’ ಅಂತ ವರ್ಷಗಟ್ಟಲೆ ಕೂರುವುದು ದೊಡ್ಡ ನಷ್ಟ. 20 ವರ್ಷದ ಓಡಾಟದ ಹಕ್ಕು ಕೇಳುವವರು ದಾರಿ ಮುಚ್ಚಿದ 2 ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬೇಕು. ಹೊಡೆದಾಟವಾಗುವ ಸಂಭವವಿದ್ದರೆ ಬಿಎನ್‌ಎಸ್‌ಎಸ್ 166ನೇ ಕಲಂನಡಿ ತಾಲ್ಲೂಕು ದಂಡಾಧಿಕಾರಿ ತಾತ್ಕಾಲಿಕವಾಗಿ ದಾರಿ ಬಿಡಿಸಬಹುದು. ಅಲ್ಲೂ ದಂಡಾಧಿಕಾರಿಗೆ ಪೊಲೀಸ್ ವರದಿ ಅಥವಾ ಮಾಹಿತಿ ತಲುಪುವ ಹಿಂದಿನ 3 ತಿಂಗಳಲ್ಲಿ, ಸುಗ್ಗಿ ದಾರಿಯಾದರೆ ಹಿಂದಿನ ಸುಗ್ಗಿಯಲ್ಲಿ, ಓಡಾಡಿದ್ದು ತೋರಿಸಬೇಕು. ಒಂದು ಸುಗ್ಗಿ ಸುಮ್ಮನಿದ್ದವರಿಗೆ ಈ ಬಾಗಿಲೂ ಮುಚ್ಚಿದಂತೆ.