ಒಪ್ಪಂದದ ಗುಳಿಗೆ ನುಂಗುವ ಮುನ್ನ

ಸಕ್ಕರೆ ಕಾಯಿಲೆಗೆ ಮಾತ್ರೆ ಬರೆಸಿಕೊಳ್ಳಲು ಬಂದ ಹಿರಿಯ ರೈತರೊಬ್ಬರು ಚೀಟಿ ಮಡಿಸಿ ಜೇಬಿಗಿಡುತ್ತಾ ಕೇಳಿದರು: "ಡಾಕ್ಟ್ರೇ, ಇಂಗ್ಲೆಂಡಿನೋರ ಜತೆ ಒಪ್ಪಂದ ಮಾಡ್ಕಂಡವ್ರಂತೆ. ಔಸ್ದಿ ಅಗ್ಗ ಆಯ್ತದಂತೆ, ದಿಟವಾ?" ನಾನು ಬಾಯಿ ತೆರೆಯುವ ಮೊದಲೇ ಅವರೇ ಅಂದರು: "ಡಂಕಲ್ ಬಂದಾಗ್ಲೂ ಹಿಂಗೇ ಏನೇನೋ ಹೇಳಿದ್ರು ಬುಡಿ."

ಪಾಂಡವಪುರಕ್ಕೆ ಈ ಅನುಮಾನ ಹೊಸದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ರೈತಸಂಘ ಡಂಕಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದಾಗ ನಾನಿನ್ನೂ ಶಾಲೆಯ ಹುಡುಗ. ನಮ್ಮ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ಬೆಳೆದದ್ದು ಆ ಸಂಘದಲ್ಲೇ. ಬಿತ್ತನೆ ಬೀಜವೂ ಔಷಧಿಯೂ ಕಂಪನಿಗಳ ಪಾಲಾಗುತ್ತವೆ ಎಂಬ ಭಯ ಆಗ ಇತ್ತು.

ಔಷಧಿಯ ಮಟ್ಟಿಗೆ ಆ ಭಯ ಅರ್ಧ ನಿಜವಾಯಿತು. 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಿ ತಯಾರಿಸುವ ವಿಧಾನಕ್ಕೆ ಹಕ್ಕಿತ್ತೇ ಹೊರತು ಔಷಧಿಗೇ ಇರಲಿಲ್ಲ. ಬೇರೆ ವಿಧಾನದಿಂದ ಅದೇ ಗುಳಿಗೆ ಮಾಡಿ ಅಗ್ಗಕ್ಕೆ ಮಾರಬಹುದಿತ್ತು. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಿಂದಾಗಿ 2005ರಲ್ಲಿ ಆ ಬಾಗಿಲು ಮುಚ್ಚಿತು. ಪೇಟೆಂಟ್ ಸಿಕ್ಕ ಹೊಸ ಔಷಧಿಗೆ 20 ವರ್ಷ ಒಬ್ಬನೇ ಒಡೆಯ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್‌ನಂಥ ಹಳೆಯ ಮಾತ್ರೆಗಳಿಗೆ ಇದರ ಬಿಸಿ ತಟ್ಟಲಿಲ್ಲ. ತಟ್ಟಿದ್ದು ಕ್ಯಾನ್ಸರ್ ರೋಗಿಗಳಿಗೆ. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಮಾತ್ರೆಗೆ ತಿಂಗಳಿಗೆ ಸುಮಾರು 2,80,000 ರೂಪಾಯಿ ಆಗುತ್ತಿತ್ತು. 2012ರಲ್ಲಿ ಪೇಟೆಂಟ್ ನಿಯಂತ್ರಕರು 'ಕಡ್ಡಾಯ ಪರವಾನಗಿ' ಕೊಟ್ಟು, ಅದನ್ನು ತಯಾರಿಸಲು ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಅನುಮತಿಸಿದರು. ಅದು ಮಾರಬೇಕಾದ ಬೆಲೆ 8,880 ರೂಪಾಯಿ! ಅದೇ ಮಾತ್ರೆ, ಅದೇ ರೋಗ.

2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದ ಈ ಪರವಾನಗಿಯನ್ನು ಕಿತ್ತುಹಾಕಿಲ್ಲ, ನಿಜ. ಆದರೆ ಜನರಿಗೆ ಔಷಧಿ ಸಿಗುವಂತೆ ಮಾಡಲು ಕಂಪನಿಗಳು ತಾವಾಗಿ ಕೊಡುವ ಪರವಾನಗಿಯೇ ಉತ್ತಮ ದಾರಿ ಎಂದು ಅದರಲ್ಲಿ ಬರೆದಿದೆ. ನನಗೆ ಚುಚ್ಚುವುದು ಈ ಸಾಲು. 2,80,000 ಇದ್ದದ್ದು 8,880ಕ್ಕೆ ತಾನಾಗಿ ಇಳಿಯಲಿಲ್ಲ, ಕಾನೂನು ಇಳಿಸಿತು. ಮುಂದೆ ಯಾವುದೋ ಹೊಸ ಔಷಧಿಗೆ ಅದೇ ಕಾನೂನು ಬಳಸಹೊರಟಾಗ ಎದುರಿನವರು ಈ ಸಾಲನ್ನೇ ತೋರಿಸುವುದಿಲ್ಲವೇ?

ರೈತರಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಮಾತ್ರೆ ಇಲ್ಲೇ ತಯಾರಾಗುವುದು. ಆಮದು ಸುಂಕ ಇಳಿದರೆ ಅದೇನೂ ಅಗ್ಗವಾಗದು. ಅಗ್ಗಕ್ಕೆ ಬೇಕಾದರೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಅದಕ್ಕೆ ಯಾವ ದೇಶದ ಸಹಿಯೂ ಬೇಕಿಲ್ಲ. ಒಪ್ಪಂದದ ಬಗ್ಗೆ ಕೇಳುವುದಿದ್ದರೆ ನಾಳೆ ಬರುವ ಔಷಧಿಯ ಬೆಲೆ ಯಾರ ಕೈಲಿರುತ್ತದೆ ಎಂದು ನಿಮ್ಮ ಸಂಸದರನ್ನು ಕೇಳಿ.

"ಆ ಕಾಗ್ದ ಕನ್ನಡದಲ್ಲಿ ಸಿಕ್ಕದಾ ಡಾಕ್ಟ್ರೇ?" ಎಂದರು.

ನಾನು ಓದಿದ್ದು ಇಂಗ್ಲಿಷಿನಲ್ಲಿ. ಅದೂ ಸಹಿ ಬಿದ್ದ ಮೇಲೆ.